ಹೊಡೆತಕ್ಕೆ ‘ಶಿಕ್ಷೆ’ ಅನ್ನಬೇಡಿ

ಸಂಪಾದಕರಿಗೆ,

ನಮಸ್ಕಾರ. ಕಳೆದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು ‘ಶಿಕ್ಷೆ ಇಲ್ಲದೆ ಶಿಕ್ಷಣ ಇಲ್ಲ’ ಅಂತ ಬರೆದಿದ್ದರು. ಶಿಕ್ಷೆ, ಶಿಕ್ಷಣ, ಶಿಕ್ಷಕ ಮೂರೂ ಒಂದೇ ಧಾತುವಿನಿಂದ ಬಂದ ಪದಗಳು, ಮೇಷ್ಟ್ರ ಕೈಯಿಂದ ಬೆತ್ತ ಕಿತ್ತುಕೊಂಡವರಿಗೆ ಪದದ ಅರ್ಥವೇ ಗೊತ್ತಿಲ್ಲ ಅನ್ನುವುದು ಅವರ ವಾದ. ಓದಿ ಸುಮ್ಮನಿರಲು ಆಗಲಿಲ್ಲ. ಯಾಕೆಂದರೆ ಇದೇ ಮಾತನ್ನು ಈ ವರ್ಷ ನನ್ನ ಎದುರಿಗೇ ಒಬ್ಬರು ಹೇಳಿದ್ದರು.

ನನ್ನ ಮೊಮ್ಮಗ ಆರನೇ ಕ್ಲಾಸು. ಹೋಂವರ್ಕ್ ಮಾಡಿರಲಿಲ್ಲ. ಶಾಲೆಯಲ್ಲಿ ಬಸ್ಕಿ ಹೊಡೆಸಿದ್ದರು. ಎಷ್ಟು ಅಂತ ಅವನು ಒಂದೊಂದು ಸಲ ಒಂದೊಂದು ಲೆಕ್ಕ ಹೇಳಿದ. ಮನೆಗೆ ಬಂದವನು ಮೆಟ್ಟಿಲ ಹತ್ತಿರ ಗೋಡೆ ಹಿಡಿದುಕೊಂಡು ನಿಂತುಬಿಟ್ಟ. ತೊಡೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಎಣ್ಣೆ ಹಚ್ಚಲು ಹೋದರೆ ಮುಟ್ಟಿಸಿಕೊಳ್ಳಲಿಲ್ಲ. ಮಾರನೇ ದಿನ ಬೆಳಗ್ಗೆ ಕಕ್ಕಸಿನಲ್ಲಿ ಕೂರಲಾಗದೆ ಅತ್ತ. ನಾನೂ ಸೊಸೆಯೂ ಶಾಲೆಗೆ ಹೋದೆವು. ಕ್ಲಾಸ್ ಟೀಚರ್ ಚಿಕ್ಕ ವಯಸ್ಸಿನ ಹುಡುಗಿ, ಮರ್ಯಾದೆಯಿಂದಲೇ ಮಾತಾಡಿದರು. ‘ಅಮ್ಮಾ, ಶಿಕ್ಷೆ ಅನ್ನೋದರಲ್ಲೇ ಶಿಕ್ಷಣ ಇದೆ ಅಲ್ವಾ, ನಮಗೆ ಟ್ರೇನಿಂಗಲ್ಲೂ ಹೀಗೇ ಹೇಳಿದ್ದಾರೆ’ ಅಂದರು. ಆವತ್ತು ಅವರಿಗೆ ನಾಲ್ಕು ಮಾತಲ್ಲಿ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಕೋರ್ಟಿನಲ್ಲಿ ಬೆರಳಚ್ಚುಗಾರ್ತಿ ಆಗಿದ್ದವಳು. ನಮ್ಮ ತುಮಕೂರು ಜಿಲ್ಲೆಯ ತಾಲ್ಲೂಕು ಕೋರ್ಟುಗಳಲ್ಲೇ ಸರ್ವಿಸು ಮುಗಿಯಿತು. ಶಿಕ್ಷೆ, ದಂಡ, ಸಜೆ, ಜುಲ್ಮಾನೆ ಇವೆಲ್ಲ ನನ್ನ ಬೆರಳಿಗೆ ದಿನಾ ಸಿಕ್ಕುತ್ತಿದ್ದ ಪದಗಳು. ನಮ್ಮ ತಂದೆ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು. ಹಾಗಾಗಿ ಪದ ಎಲ್ಲಿಂದ ಬಂತು ಅಂತ ಕೇಳುವ ಚಟ ಮನೆಯಲ್ಲೇ ಅಂಟಿಕೊಂಡಿತು.

ಪತ್ರ ಬರೆದವರು ಹೇಳಿದ್ದರಲ್ಲಿ ಅರ್ಧ ನಿಜ. ಶಿಕ್ಷೆಗೂ ಶಿಕ್ಷಣಕ್ಕೂ ಧಾತು ಒಂದೇ, ‘ಶಿಕ್ಷ್’. ಆದರೆ ಆ ಧಾತುವಿನ ಅರ್ಥ ಏನು? ಸಂಸ್ಕೃತ ವ್ಯಾಕರಣ ಬರೆದ ಪಾಣಿನಿಯ ಪರಂಪರೆಯಲ್ಲಿ ಧಾತುಗಳನ್ನು ಅರ್ಥದ ಜೊತೆ ಪಟ್ಟಿ ಮಾಡಿದ ಧಾತುಪಾಠ ಅಂತ ಇದೆ, ಅದರಲ್ಲಿ ‘ಶಿಕ್ಷ ವಿದ್ಯೋಪಾದಾನೇ’ ಅಂತ ಒಂದೇ ಸಾಲಿನಲ್ಲಿ ಹೇಳಿದೆ. ವಿದ್ಯೋಪಾದಾನ ಅಂದರೆ ವಿದ್ಯೆಯನ್ನು ಪಡೆದುಕೊಳ್ಳುವುದು. ಕಲಿಯುವವನು ಮಾಡುವ ಕೆಲಸ ಅದು. ಬೆತ್ತ ಹಿಡಿದವನು ಮಾಡುವ ಕೆಲಸ ಅಲ್ಲಿ ಇಲ್ಲವೇ ಇಲ್ಲ.

ಇನ್ನೂ ಹಿಂದಕ್ಕೆ ಹೋದರೆ ವಿಷಯ ಮತ್ತೂ ಚೆನ್ನಾಗಿದೆ. ಈ ‘ಶಿಕ್ಷ್’ ಹುಟ್ಟಿದ್ದು ‘ಶಕ್’ ಧಾತುವಿನಿಂದ ಅನ್ನುತ್ತಾರೆ ಭಾಷೆ ಬಲ್ಲವರು. ಶಕ್ತಿ, ಶಕ್ಯ, ಅಶಕ್ತ ಎಲ್ಲ ಬಂದದ್ದು ಅಲ್ಲಿಂದಲೇ. ಸಂಸ್ಕೃತದಲ್ಲಿ ಧಾತುವಿಗೆ ಆಸೆಯ ಅರ್ಥ ಕೊಡುವ ಒಂದು ರೂಪ ಇದೆ. ಜ್ಞಾ ಅಂದರೆ ತಿಳಿ, ಜಿಜ್ಞಾಸೆ ಅಂದರೆ ತಿಳಿಯುವ ಆಸೆ. ಪಾ ಅಂದರೆ ಕುಡಿ, ಪಿಪಾಸೆ ಅಂದರೆ ಕುಡಿಯುವ ಆಸೆ, ಬಾಯಾರಿಕೆ. ಹಾಗೆಯೇ ಶಕ್ ಅಂದರೆ ಆಗು, ಸಮರ್ಥನಾಗು. ಶಿಕ್ಷಾ ಅಂದರೆ ಸಮರ್ಥನಾಗುವ ಆಸೆ. ‘ನನ್ನ ಕೈಲೂ ಇದು ಆಗಬೇಕು’ ಅನ್ನುವ ಆಸೆ. ಸೈಕಲ್ ಕಲಿಯುವ ಹುಡುಗ ಮೊಣಕಾಲು ತರಚಿಕೊಂಡು ಮತ್ತೆ ಹತ್ತುತ್ತಾನಲ್ಲ, ಅವನಲ್ಲಿ ಇರುವುದೇ ಶಿಕ್ಷೆ, ಪದದ ಹಳೆಯ ಅರ್ಥದಲ್ಲಿ. ಇಂಥ ಪದವನ್ನು ಸಾಕ್ಷಿಗೆ ಕರೆದು ಮಗುವಿಗೆ ಹೊಡೆಯುತ್ತೀರಾ?

ವೇದದ ಆರು ಅಂಗಗಳಲ್ಲಿ ಮೊದಲನೆಯದರ ಹೆಸರೂ ಶಿಕ್ಷಾ. ಅಕ್ಷರಗಳನ್ನು ಸರಿಯಾಗಿ ಉಚ್ಚರಿಸುವ ಶಾಸ್ತ್ರ ಅದು. ತೈತ್ತಿರೀಯ ಉಪನಿಷತ್ತಿನ ಮೊದಲ ಭಾಗ ಶಿಕ್ಷಾವಲ್ಲಿ. ಶಾಂತಿಮಂತ್ರ ಆದ ಮೇಲೆ ವರ್ಣ, ಸ್ವರ, ಮಾತ್ರೆ ಅಂತಲೇ ಶುರುವಾಗುತ್ತದೆ. ‘ಸತ್ಯಂ ವದ, ಧರ್ಮಂ ಚರ’, ‘ಮಾತೃದೇವೋ ಭವ’ ಬರುವುದು ಈ ಭಾಗದಲ್ಲೇ. ಶಾಲೆ ಗೋಡೆಗಳ ಮೇಲೆಲ್ಲ ಬರೆಸಿರುತ್ತಾರೆ. ಆದರೆ ಅಲ್ಲೇ ಮುಂದಕ್ಕೆ ಇನ್ನೊಂದು ಮಾತಿದೆ, ಅದನ್ನು ಯಾವ ಗೋಡೆಯ ಮೇಲೂ ನಾನು ನೋಡಿಲ್ಲ. ‘ಯಾನ್ಯಸ್ಮಾಕಂ ಸುಚರಿತಾನಿ, ತಾನಿ ತ್ವಯೋಪಾಸ್ಯಾನಿ, ನೋ ಇತರಾಣಿ.’ ನಮ್ಮಲ್ಲಿ ಒಳ್ಳೆಯ ನಡತೆ ಯಾವುದಿದೆಯೋ ಅದನ್ನಷ್ಟೇ ಅನುಸರಿಸು, ಉಳಿದದ್ದನ್ನು ಬೇಡ. ಓದು ಮುಗಿಸಿದ ಶಿಷ್ಯನಿಗೆ ಗುರುವೇ ಹೀಗೆ ಹೇಳುತ್ತಾನೆ. ತನ್ನಲ್ಲೂ ತಪ್ಪಿರಬಹುದು ಅಂತ ಒಪ್ಪಿಕೊಂಡು ಹೇಳುವ ಮಾತು. ಶಿಕ್ಷಾ ಅನ್ನುವ ಹೆಸರಿನ ಅಧ್ಯಾಯದಲ್ಲಿ ಇರುವುದು ಇದು.

ಹಾಗಾದರೆ ಕನ್ನಡದಲ್ಲಿ ಶಿಕ್ಷೆ ಅಂದರೆ ದಂಡನೆ ಅಂತ ಹೇಗಾಯಿತು? ಇದಕ್ಕೆ ಸಂಸ್ಕೃತ ನಿಘಂಟಿನವರೆಗೆ ಹೋಗಬೇಕಿಲ್ಲ. ನಮ್ಮ ಮಾತನ್ನೇ ಕೇಳಿಸಿಕೊಂಡರೆ ಸಾಕು. ‘ಅವನಿಗೆ ಸರಿಯಾಗಿ ಪಾಠ ಕಲಿಸ್ತೀನಿ’, ‘ಇರು, ನಿನಗೆ ಬುದ್ಧಿ ಕಲಿಸ್ತೀನಿ’ ಅನ್ನುತ್ತೇವಲ್ಲ, ಅಲ್ಲಿ ಪಾಠವೂ ಇಲ್ಲ, ಬುದ್ಧಿಯೂ ಇಲ್ಲ. ಬರೀ ಬೆದರಿಕೆ. ಕಲಿಸು ಅನ್ನುವ ಅಚ್ಚ ಕನ್ನಡ ಪದವೇ ಸಿಟ್ಟಿನ ಬಾಯಲ್ಲಿ ಹೊಡಿ ಅಂತ ಆಗಿಬಿಡುತ್ತದೆ. ಶಿಕ್ಷೆಗೂ ಆದದ್ದು ಇದೇ. ಸಂಸ್ಕೃತದಲ್ಲೇ ಕಲಿಸುವುದು, ತಿದ್ದುವುದು, ದಂಡಿಸುವುದು ಅಂತ ಅರ್ಥ ಜಾರುತ್ತಾ ಬಂತು. ಕನ್ನಡ, ತೆಲುಗು, ಮಲಯಾಳಂ, ಮರಾಠಿಗಳಲ್ಲಿ ಕೊನೆಯ ಅರ್ಥವೇ ಗಟ್ಟಿಯಾಯಿತು. ಹಿಂದಿಯಲ್ಲಿ ಮೊದಲ ಅರ್ಥವೇ ಉಳಿಯಿತು. ಅದಕ್ಕೇ ಕೇಂದ್ರದ ‘ಸರ್ವ ಶಿಕ್ಷಾ ಅಭಿಯಾನ’ ನಮ್ಮ ರಾಜ್ಯಕ್ಕೆ ಬಂದಾಗ ಶಾಲೆಯ ಬೋರ್ಡುಗಳ ಮೇಲೆ ‘ಸರ್ವ ಶಿಕ್ಷಣ ಅಭಿಯಾನ’ ಆಯಿತು. ಇಲ್ಲದಿದ್ದರೆ ಎಲ್ಲರಿಗೂ ದಂಡನೆ ಅಂತ ಆಗಿಬಿಡುತ್ತಿತ್ತು. ಆ ಒಂದು ಅಕ್ಷರ ಸೇರಿಸಿದವರಿಗೆ ಎರಡೂ ಬೇರೆ ಅಂತ ಚೆನ್ನಾಗಿ ಗೊತ್ತಿತ್ತು.

ಒಂದು ವಿಷಯವನ್ನು ಮುಚ್ಚಿಡಬಾರದು. ಕಲಿಸುವುದೂ ದಂಡಿಸುವುದೂ ಮೊದಲಿನಿಂದಲೇ ಒಟ್ಟಿಗಿರುವ ಧಾತು ಒಂದಿದೆ. ಅದು ‘ಶಾಸ್’. ಶಾಸನ, ಶಾಸ್ತ್ರ, ಶಿಷ್ಯ ಬಂದದ್ದು ಅದರಿಂದ. ‘ತಕ್ಕ ಶಾಸ್ತಿ ಆಯ್ತು’ ಅನ್ನುವಾಗಿನ ಶಾಸ್ತಿಯೂ ಅದೇ. ಬೆತ್ತಕ್ಕೆ ವ್ಯಾಕರಣದ ಆಧಾರ ಬೇಕೇಬೇಕು ಅನ್ನುವವರು ಅಲ್ಲಿ ಹುಡುಕಲಿ. ಶಿಕ್ಷಣವನ್ನು ಎಳೆದು ತರಬೇಡಿ.

ಈಗ ದಂಡದ ಕಡೆ ಬರುತ್ತೇನೆ. ಇಲ್ಲಿ ಹೇಳುವುದು ಜಾಸ್ತಿ ಇದೆ.

ದಂಡ ಅಂದರೆ ಮೂಲದಲ್ಲಿ ಕೋಲು, ಅಷ್ಟೇ. ರಾಜನ ಕೈಯಲ್ಲಿ ಕೋಲು ಇದ್ದದ್ದರಿಂದ ಅಧಿಕಾರ ದಂಡವಾಯಿತು, ದಂಡನೆ ದಂಡವಾಯಿತು, ಸೈನ್ಯವೂ ದಂಡಾಯಿತು. ದಂಡು ಅಂದರೆ ಸೈನ್ಯ, ಸೈನ್ಯ ಬೀಡುಬಿಟ್ಟ ಜಾಗ. ಬೆಂಗಳೂರಿನ ಕಂಟೋನ್ಮೆಂಟನ್ನು ಹಳಬರು ಈಗಲೂ ದಂಡು ಅನ್ನುತ್ತಾರೆ. ನಮ್ಮ ಮಧುಗಿರಿಯ ದೇವತೆ ದಂಡಿನ ಮಾರಮ್ಮ. ತುರುವೇಕೆರೆ ತಾಲ್ಲೂಕಿನ ದಂಡಿನಶಿವರದ ಹೆಸರಿನಲ್ಲೂ ದಂಡು ಕೂತಿದೆ. ಹೊಯ್ಸಳರ ಶಾಸನಗಳ ತುಂಬಾ ದಂಡನಾಯಕರೇ. ಹೊಡೆತದ ಬದಲು ದುಡ್ಡು ಕಟ್ಟಿಸಿಕೊಂಡರೆ ಅದೂ ದಂಡ. ಆ ದುಡ್ಡು ಹೋದರೆ ಮತ್ತೆ ಬರುವುದಿಲ್ಲ. ಹಾಗಾಗಿ ವ್ಯರ್ಥ ಅನ್ನುವುದಕ್ಕೂ ದಂಡ ಅನ್ನತೊಡಗಿದೆವು. ‘ತುಮಕೂರಿಗೆ ಹೋಗಿದ್ದು ದಂಡ ಆಯ್ತು, ಆಫೀಸರ್ ರಜಾ’ ಅಂತ ನಮ್ಮ ಕಡೆ ದಿನಾ ಕೇಳುವ ಮಾತು. ಕೂಳಿಗೆ ದಂಡ, ಭೂಮಿಗೆ ಭಾರ ಅಂತ ಗಾದೆಯೇ ಇದೆ. ಪಾವಗಡದ ಕಡೆ ತೆಲುಗಿನಲ್ಲಿ ದಂಡಗ ಅನ್ನುವುದೂ ಇದನ್ನೇ.

ಮಕ್ಕಳಿಗೆ ಹೊಡೆಯುವವರು ಹೇಳುವ ಇನ್ನೊಂದು ಮಾತು ‘ದಂಡಂ ದಶಗುಣಂ’. ನಾಲ್ಕು ಏಟು ಬಿಟ್ಟರೆ ಹತ್ತು ಗುಣ ಬರುತ್ತದೆ ಅಂತ ಅದರ ಅರ್ಥವಂತೆ. ಪೂರ್ತಿ ಶ್ಲೋಕ ಕೇಳಿದವರು ಕಡಿಮೆ. ನಮ್ಮ ತಂದೆ ಹೇಳುತ್ತಿದ್ದದ್ದು ಹೀಗೆ:

ವಿಶ್ವಾಮಿತ್ರಾಹಿಪಶುಷು ಕರ್ದಮೇಷು ಜಲೇಷು ಚ |
ಅಂಧೇ ತಮಸಿ ವಾರ್ಧಕ್ಯೇ ದಂಡಂ ದಶಗುಣಂ ಭವೇತ್ ||

ಮೊದಲ ಪದ ಕೇಳಿ ವಿಶ್ವಾಮಿತ್ರ ಮುನಿಗೂ ಕೋಲಿಗೂ ಏನು ಸಂಬಂಧ ಅಂತ ನಾವು ಮಕ್ಕಳು ಕೇಳುತ್ತಿದ್ದೆವು. ಅಲ್ಲಿ ಮುನಿ ಇಲ್ಲ. ಪದವನ್ನು ಬಿಡಿಸಬೇಕು. ವಿ ಅಂದರೆ ಹಕ್ಕಿ. ಶ್ವ ಅಂದರೆ ನಾಯಿ. ಅಮಿತ್ರ ಅಂದರೆ ಶತ್ರು. ಅಹಿ ಅಂದರೆ ಹಾವು. ಪಶು ಅಂದರೆ ದನಕರು. ಆಮೇಲೆ ಕರ್ದಮ ಅಂದರೆ ಕೆಸರು, ಜಲ ಅಂದರೆ ನೀರು, ಅಂಧ ಅಂದರೆ ಕುರುಡುತನ, ತಮಸ್ ಅಂದರೆ ಕತ್ತಲೆ, ವಾರ್ಧಕ್ಯ ಅಂದರೆ ಮುಪ್ಪು. ಎಣಿಸಿ ನೋಡಿ, ಹತ್ತು. ಈ ಹತ್ತು ಕಡೆ ಕೈಯಲ್ಲಿ ಒಂದು ಕೋಲಿದ್ದರೆ ಉಪಯೋಗ ಅಂತ ಶ್ಲೋಕ ಹೇಳುತ್ತದೆ. ಹಕ್ಕಿ ಓಡಿಸಲು, ನಾಯಿ ಗದರಲು, ಕೆಸರಿನ ಆಳ ನೋಡಲು, ಹಳ್ಳ ದಾಟಲು, ಕತ್ತಲೆಯಲ್ಲಿ ದಾರಿ ತಡವಲು. ಇದು ಊರುಗೋಲಿನ ಶ್ಲೋಕ. ಶತ್ರುವಿನ ಹೆಸರಿದೆ, ಹಾವಿನ ಹೆಸರಿದೆ. ಮಗುವಿನ ಹೆಸರಿಲ್ಲ, ಶಿಷ್ಯನ ಹೆಸರಿಲ್ಲ.

ತಂದೆಯವರ ಹತ್ತಿರ ಒಂದು ಬಿದಿರಿನ ಕೋಲಿತ್ತು. ಸಂಜೆ ಹೊತ್ತಾದ ಮೇಲೆ ಹೊಲದ ಬದುವಿನ ಮೇಲೆ ಬರುವಾಗ ಹಾವಿನ ಭಯಕ್ಕೆ ನೆಲ ಬಡಿಯುತ್ತಾ ಬರುತ್ತಿದ್ದರು. ಆ ಸದ್ದು ಕೇಳಿದರೆ ನಾವು ಅನ್ನಕ್ಕಿಡುತ್ತಿದ್ದೆವು. ಶಾಲೆಯಲ್ಲಿ ಅವರು ಕೈ ಮಾಡುತ್ತಲೇ ಇರಲಿಲ್ಲ ಅಂತ ನಾನು ಹೇಳಲಾರೆ. ಕಿವಿ ಹಿಂಡುತ್ತಿದ್ದರು, ನನ್ನದೂ ಹಿಂಡಿದ್ದಾರೆ. ಆದರೆ ಅದಕ್ಕೆ ಶ್ಲೋಕವನ್ನು ಆಧಾರವಾಗಿ ಕೊಟ್ಟವರಲ್ಲ.

ನಮ್ಮಲ್ಲಿ ಮಕ್ಕಳಿಗೆ ಕೊಟ್ಟ ದಂಡನೆಗಳ ಹೆಸರು ನೋಡಿದರೆ ಬೇಸರ ಆಗುತ್ತದೆ. ಹಿಂದಿನ ಕೂಲಿಮಠಗಳಲ್ಲಿ, ಅಂದರೆ ಊರಿನ ಖಾಸಗಿ ಪಾಠಶಾಲೆಗಳಲ್ಲಿ, ‘ಕೋದಂಡ’ ಅಂತ ಒಂದಿತ್ತು. ತೊಲೆಗೆ ಹಗ್ಗ ಕಟ್ಟಿ, ಹುಡುಗನ ಕೈಗಳನ್ನು ಅದಕ್ಕೆ ಸಿಕ್ಕಿಸಿ ನೇತುಬಿಡುವುದು. ಕೋದಂಡ ಅಂದರೆ ರಾಮನ ಬಿಲ್ಲು! ಅಷ್ಟು ಒಳ್ಳೆಯ ಹೆಸರನ್ನು ಎಂಥ ಕೆಲಸಕ್ಕೆ ಬಳಸಿದರು ನೋಡಿ. ಒಳ್ಳೆಯ ಪದ ಹೊದಿಸಿದರೆ ಕೆಟ್ಟ ಕೆಲಸವೂ ಕಣ್ಣಿಗೆ ಕಾಣದಂತಾಗುತ್ತದೆ. ಈಗ ‘ಶಿಕ್ಷೆ’ ಅನ್ನುವ ಪದದಿಂದ ಶಾಲೆಗಳಲ್ಲಿ ಆಗುತ್ತಿರುವುದೂ ಇದೇ ಅಂತ ನನಗೆ ಅನಿಸುತ್ತದೆ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಶಿಕ್ಷೆ ಅನ್ನುವ ಪದಕ್ಕೆ ಎಷ್ಟು ತೂಕ ಇದೆ ಅಂತ ಕೋರ್ಟಿನಲ್ಲಿ ಕೂತು ನೋಡಿದವಳು ನಾನು. ಅಲ್ಲಿ ಒಬ್ಬನಿಗೆ ಶಿಕ್ಷೆ ಆಗಬೇಕಾದರೆ ಮೊದಲು ಆರೋಪ ಏನು ಅಂತ ಅವನಿಗೆ ಓದಿ ಹೇಳಬೇಕು. ಒಪ್ಪುತ್ತೀಯಾ, ಇಲ್ಲವಾ ಅಂತ ಕೇಳಬೇಕು. ಸಾಕ್ಷಿ ಬರಬೇಕು, ಅವನ ವಕೀಲರು ಪಾಟೀಸವಾಲು ಮಾಡಬೇಕು. ತಪ್ಪು ಸಾಬೀತಾದ ಮೇಲೂ ಸುಮ್ನೆ ಬರೆದುಬಿಡುವ ಹಾಗಿಲ್ಲ. ಗಂಭೀರ ಕೇಸುಗಳಲ್ಲಿ ಶಿಕ್ಷೆಯ ಪ್ರಮಾಣದ ಬಗ್ಗೆ ಆರೋಪಿಯ ಮಾತನ್ನು ಕೇಳಲೇಬೇಕು. ‘ಶಿಕ್ಷೆಯ ಪ್ರಮಾಣದ ಬಗ್ಗೆ ಆರೋಪಿಯನ್ನು ಕೇಳಲಾಯಿತು’ ಅನ್ನುವ ಸಾಲನ್ನು ನಾನು ಕಣ್ಣು ಮುಚ್ಚಿ ಟೈಪ್ ಮಾಡಬಲ್ಲೆ. ಮನೆಯಲ್ಲಿ ಮುದಿ ತಾಯಿ ಇದ್ದಾಳೆ, ಮಕ್ಕಳು ಚಿಕ್ಕವು, ಇದೇ ಮೊದಲ ತಪ್ಪು ಅಂತ ಅವರು ಹೇಳಿಕೊಂಡದ್ದೆಲ್ಲ ತೀರ್ಪಿನಲ್ಲಿ ಬರುತ್ತಿತ್ತು. ಸಜೆ ಆದರೆ ತೀರ್ಪಿನ ನಕಲನ್ನು ಅವನ ಕೈಗೆ ಬಿಟ್ಟಿ ಕೊಡಬೇಕು. ಮೇಲೆ ಅಪೀಲು ಇದೆ.

ಪೆಟ್ಟಿ ಕೇಸಿನಲ್ಲೂ ಅಷ್ಟೇ. ಅಂದರ್ ಬಾಹರ್ ಆಡಿ ಸಿಕ್ಕಿಬಿದ್ದ ಒಬ್ಬ ಮುದುಕ ಕಟಕಟೆ ಹತ್ತುವ ಮೊದಲೇ ಪಂಚೆಯ ಗಂಟು ಬಿಚ್ಚಿ ನೋಟು ಕೈಯಲ್ಲಿ ಹಿಡಿದುಕೊಂಡಿದ್ದ. ‘ಜುಲ್ಮಾನೆ ಎಷ್ಟಾದ್ರೂ ಕಟ್ಬಿಡ್ತೀನಿ ಸ್ವಾಮಿ’ ಅಂದ. ನ್ಯಾಯಾಧೀಶರು ಅವನನ್ನು ತಡೆದರು. ‘ಅಜ್ಜ, ದುಡ್ಡು ಒಳಗಿಟ್ಕೊ. ನಿನ್ನ ಮೇಲೆ ಏನು ಆರೋಪ ಅಂತ ಮೊದಲು ಕೇಳು. ಒಪ್ಪಬೇಕು ಅಂತ ಏನಿಲ್ಲ’ ಅಂತ ನಿಧಾನವಾಗಿ ತಿಳಿಸಿ ಹೇಳಿದರು. ಇಸ್ಪೀಟು ಆಡಿದ ಮುದುಕನಿಗೆ ಸಿಕ್ಕಿದ ಆ ಎರಡು ನಿಮಿಷ ನನ್ನ ಮೊಮ್ಮಗನಿಗೆ ಸಿಗಲಿಲ್ಲ. ಅವನು ಹೋಂವರ್ಕ್ ಯಾಕೆ ಮಾಡಿಲ್ಲ ಅಂತ ಯಾರೂ ಕೇಳಿರಲಿಲ್ಲ.

ಜುಲ್ಮಾನೆ, ಸಜೆ ಎರಡೂ ಪಾರಸಿಯಿಂದ ಬಂದವು. ಜುರ್ಮ್ ಅಂದರೆ ಅಪರಾಧ, ಅದಕ್ಕೆ ಕಟ್ಟುವ ದುಡ್ಡು ಜುರ್ಮಾನಾ. ನಮ್ಮ ಬಾಯಲ್ಲಿ ಜುಲ್ಮಾನೆ ಆಯಿತು. ಸಜಾ ಅಂದರೆ ಅಲ್ಲಿ ತಕ್ಕದ್ದು, ಸಲ್ಲತಕ್ಕದ್ದು ಅಂತ. ದಂಡನೆ ತಕ್ಕಷ್ಟೇ ಇರಬೇಕು ಅನ್ನುವ ಮಾತು ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಇದೆ. ಆ ಗ್ರಂಥದ ಓಲೆಗರಿ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲೇ, ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದರು. ಅತಿ ಕಠಿಣವಾಗಿ ದಂಡಿಸುವವನನ್ನು ಕಂಡರೆ ಜನ ತಲ್ಲಣಿಸುತ್ತಾರೆ, ತೀರಾ ಮೆತ್ತಗಿರುವವನನ್ನು ಕಡೆಗಣಿಸುತ್ತಾರೆ, ತಕ್ಕಷ್ಟು ದಂಡಿಸುವವನನ್ನು ಗೌರವಿಸುತ್ತಾರೆ ಅಂತ ಅಲ್ಲಿ ಹೇಳಿದೆ. ಅದೂ ದೊಡ್ಡವರ, ಪ್ರಜೆಗಳ ವಿಷಯ. ಹೋಂವರ್ಕಿಗೆ ತಕ್ಕಷ್ಟು ಅಂದರೆ ಎಷ್ಟು? ಕೂರಲಾಗದಷ್ಟಾ?

ಕಾನೂನು ಮಕ್ಕಳ ವಿಷಯದಲ್ಲಿ ಇದಕ್ಕಿಂತ ಎಷ್ಟೋ ಮುಂದೆ ಹೋಗಿದೆ. 1860ರ ದಂಡ ಸಂಹಿತೆ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹೆಸರಿನಿಂದಲೇ ದಂಡ ಹೋಯಿತು. ಗಲ್ಲು, ಜೀವಾವಧಿ, ಸಜೆ, ಆಸ್ತಿ ಜಪ್ತಿ, ಜುಲ್ಮಾನೆ ಇದ್ದ ಪಟ್ಟಿಗೆ ಸಮುದಾಯ ಸೇವೆ ಸೇರಿತು. ಐದು ಸಾವಿರಕ್ಕಿಂತ ಕಡಿಮೆ ಬೆಲೆಯ ವಸ್ತು ಕದ್ದವನು, ಮೊದಲ ಸಲ ತಪ್ಪು ಸಾಬೀತಾಗಿ, ಅದನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ಟರೆ, ಅವನಿಗೆ ಸಮುದಾಯ ಸೇವೆ. ಛಡಿ ಏಟಿನ ಶಿಕ್ಷೆಯನ್ನಂತೂ 1955ರಲ್ಲೇ ತೆಗೆದುಹಾಕಿದರು. ಏಳು ವರ್ಷದೊಳಗಿನ ಮಗು ಏನೇ ಮಾಡಿದರೂ ಅದು ಅಪರಾಧವೇ ಅಲ್ಲ ಅಂತ ಹಳೆಯ ಸಂಹಿತೆಯಲ್ಲೂ ಇತ್ತು, ಹೊಸದರಲ್ಲೂ ಇದೆ. 2015ರ ಬಾಲನ್ಯಾಯ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಮಗುವಿನ ವಿಷಯದಲ್ಲಿ ದೂರುವ, ಆರೋಪಿಸುವ ಪದಗಳನ್ನೇ ಬಳಸಬಾರದು ಅನ್ನುತ್ತದೆ. ಕಾನೂನು ಪದದ ಬಗ್ಗೆ ಅಷ್ಟು ಎಚ್ಚರ ವಹಿಸಿದೆ. ಇನ್ನು ಶಾಲೆಯ ವಿಷಯಕ್ಕೆ ನೇರವಾಗಿ ಹೇಳುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ: ಮಗುವಿಗೆ ದೈಹಿಕ ಶಿಕ್ಷೆಯನ್ನಾಗಲಿ ಮಾನಸಿಕ ಕಿರುಕುಳವನ್ನಾಗಲಿ ಕೊಡುವ ಹಾಗಿಲ್ಲ. ಬಸ್ಕಿಯೂ ದೈಹಿಕವೇ. ಬೆತ್ತ ಮುಟ್ಟಲಿಲ್ಲ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಟೀಚರುಗಳ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಒಂದು ಕೋಣೆಯಲ್ಲಿ ಅಷ್ಟು ಮಕ್ಕಳು, ಪೋರ್ಷನ್ ಮುಗಿಸುವ ಒತ್ತಡ, ಸಂಬಳ ನೋಡಿದರೆ ಹೇಳಿಕೊಳ್ಳುವ ಹಾಗಿಲ್ಲ. ಮೇಲಿಂದ ತಂದೆತಾಯಿಗಳೇ ಬಂದು ‘ಕಣ್ಣು ಬಿಟ್ಟು ಎಲ್ಲಿಗಾದ್ರೂ ಹೊಡೀರಿ ಮೇಷ್ಟ್ರೇ’ ಅನ್ನುತ್ತಾರೆ. ಮಕ್ಕಳಿಗೆ ಹೆದರಿಕೆಯೇ ಇಲ್ಲ ಅಂತ ಗೊಣಗುವವರಲ್ಲಿ ನನ್ನ ವಯಸ್ಸಿನವರೇ ಜಾಸ್ತಿ. ಮಕ್ಕಳು ಹೇಳಿದ ಮಾತು ಕೇಳಬೇಕು, ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸಬೇಕು. ನನಗೂ ಇದು ಬೇಕು. ಹೋಂವರ್ಕ್ ಮಾಡದ ಹುಡುಗನನ್ನು ಆಟದ ಪೀರಿಯಡ್ಡಿನಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಅದೇ ಹೋಂವರ್ಕ್ ಮಾಡಿಸಲಿ, ನಾನು ಒಂದು ಮಾತೂ ಆಡುವುದಿಲ್ಲ. ನನ್ನ ಮೊಮ್ಮಗನಿಗೆ ಭಿನ್ನರಾಶಿ ಕೂಡುವುದು ಬರುತ್ತಿರಲಿಲ್ಲ. ಅದಕ್ಕೇ ಬರೆದಿರಲಿಲ್ಲ. ಬಸ್ಕಿ ಹೊಡೆದ ಮೇಲೂ ಬರಲಿಲ್ಲ. ಆಮೇಲೆ ಎದುರು ಮನೆಯ ಪಿಯುಸಿ ಹುಡುಗಿ ಚಪಾತಿ ಕತ್ತರಿಸಿ ತೋರಿಸಿದಳು. ಒಂದು ಸಂಜೆಗೆ ಬಂತು.

ಕೊನೆಯದಾಗಿ ನಿಮ್ಮಲ್ಲಿ ಒಂದು ಕೋರಿಕೆ. ಮಗುವಿಗೆ ಶಾಲೆಯಲ್ಲಿ ಬಾಸುಂಡೆ ಬರುವ ಹಾಗೆ ಹೊಡೆದ ಸುದ್ದಿ ಬಂದಾಗ ಪತ್ರಿಕೆಗಳು ‘ವಿದ್ಯಾರ್ಥಿಗೆ ಶಿಕ್ಷೆ’, ‘ಶಿಕ್ಷಕಿ ನೀಡಿದ ಶಿಕ್ಷೆಗೆ ಬಾಲಕ ಅಸ್ವಸ್ಥ’ ಅಂತ ತಲೆಬರಹ ಕೊಡುತ್ತವೆ. ಶಿಕ್ಷೆ ಅಂದ ತಕ್ಷಣ ಓದುವವರಿಗೆ ಹುಡುಗ ಏನೋ ತಪ್ಪು ಮಾಡಿರಬೇಕು ಅನಿಸುತ್ತದೆ. ವಿಚಾರಣೆ ಇಲ್ಲ, ತೀರ್ಪಿಲ್ಲ, ಅಪೀಲಿಲ್ಲ. ಅದು ಶಿಕ್ಷೆ ಹೇಗಾಗುತ್ತದೆ? ‘ವಿದ್ಯಾರ್ಥಿಗೆ ಹೊಡೆತ’ ಅಂತ ಬರೆಯಿರಿ. ಬಸ್ಕಿ ಹೊಡೆಸಿದ್ದರೆ ಬಸ್ಕಿ ಹೊಡೆಸಿದರು ಅಂತಲೇ ಬರೆಯಿರಿ. ಬಿಸಿಲಲ್ಲಿ ನಿಲ್ಲಿಸಿದ್ದರೆ ಬಿಸಿಲಲ್ಲಿ ನಿಲ್ಲಿಸಿದರು ಅನ್ನಿ. ಕನ್ನಡದಲ್ಲಿ ಇದಕ್ಕೆಲ್ಲ ಪದಗಳಿವೆ. ದೈಹಿಕ ಶಿಕ್ಷೆ ಅನ್ನುವುದು ಕಾಯ್ದೆಯ ಮಾತಾದ್ದರಿಂದ ಕಾನೂನಿನ ವಿಷಯ ಬರೆಯುವಾಗ ಅದು ಬರಲಿ, ಬೇಡ ಅನ್ನುವುದಿಲ್ಲ. ತಲೆಬರಹದಲ್ಲಿ ಬೇಡ. ನಿಮ್ಮ ತಾಲ್ಲೂಕು ವರದಿಗಾರರಿಗೂ ಡೆಸ್ಕಿನವರಿಗೂ ಇದನ್ನು ದಯವಿಟ್ಟು ತಿಳಿಸಿ.

ಇಂತಿ,
ನಿವೃತ್ತ ಬೆರಳಚ್ಚುಗಾರ್ತಿ,
ಮಧುಗಿರಿ, ತುಮಕೂರು ಜಿಲ್ಲೆ